ಏಳನೇ ಪಾಠದ ಊರು

"ಈ ಟವರ್ ಇದ್ಯಲ್ಲ ಅಕ್ಕ, ಸಾವಿರದ ಎಂಟುನೂರರಲ್ಲಿ ಕಟ್ಟಿದ್ದು," ಎಂದು ವೆಂಕಟರಾಮ ಟೀವಿಯಲ್ಲಿದ್ದ ಫೋಟೊದತ್ತ ಕೈ ಮಾಡಿದ.

"ಸಾವಿರದ ಆರುನೂರ ಎಂಬತ್ತು. ಉಪ್ಪಿನ ವ್ಯಾಪಾರಿಗಳು ಕಟ್ಟಿಸಿದ್ದು," ಎಂದಳು ವೇದಾ.

"ಹೋಗ್ಬಂದೋನು ನಾನಾ, ನೀನಾ?"

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದ ವೇದಾಳ ಫ್ಲ್ಯಾಟಿನಲ್ಲಿ ಅರ್ಧ ಗಂಟೆಯಿಂದ ಇದೇ ನಡೆದಿತ್ತು. ವೇದಾ ಬೆಂಗಳೂರಿನಲ್ಲಿ ಮೂವತ್ತು ವರ್ಷ ಜರ್ಮನ್ ಕಲಿಸಿದವಳು. ಅವಳ ಪಠ್ಯದ ಏಳನೇ ಪಾಠ ಜರ್ಮನಿಯ ಬಾಡ್ ಎಲ್ಮ್‌ಬಾಖ್ ಎಂಬ ಪುಟ್ಟ ಊರಿನದು. ಅಲ್ಲಿನ ಬಿಸಿನೀರಿನ ಬುಗ್ಗೆ, ರಾಜರು ಮಿಂದ ಸ್ನಾನಗೃಹ, ಮುಳ್ಳುಕಡ್ಡಿಗಳ ಎತ್ತರದ ಗೋಡೆಯ ಮೇಲೆ ಉಪ್ಪುನೀರು ಇಳಿಬಿಟ್ಟು ಉಪ್ಪು ತೆಗೆಯುತ್ತಿದ್ದ ಬಗೆ, ಎಲ್ಲ ಅವಳಿಗೆ ಬಾಯಿಪಾಠ. ಊರನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಕಳೆದ ವರ್ಷ ಸಿಡ್ನಿಯ ಈ ತಮ್ಮನೇ, ತನ್ನ ಹೆಂಡತಿಯನ್ನೂ ಸೇರಿಸಿ ಮೂವರೂ ಹೋಗೋಣ ಎಂದಿದ್ದ. ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಅಲ್ಲಿ ವ್ಯವಸ್ಥೆ ಇದೆಯೇ ಎಂದು ನಾನೇ ವಿಚಾರಿಸುತ್ತೇನೆ, ನೀನು ಒದ್ದಾಡಬೇಡ ಎಂದ. ಆಗಷ್ಟೇ ಆಪರೇಷನ್ ಮುಗಿಸಿ ಮಲಗಿದ್ದ ವೇದಾ ನಂಬಿದಳು. ತಿಂಗಳಾದ ಮೇಲೆ, "ಆ ಊರಲ್ಲಿ ಡಯಾಲಿಸಿಸ್ ಇಲ್ವಂತೆ," ಎಂದು ಫೋನಿಟ್ಟವನು ಹೆಂಡತಿಯೊಂದಿಗೆ ಹಾರಿಯೇಬಿಟ್ಟ. ಈಗ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಅಂಗಡಿಯ ಮೈಸೂರುಪಾಕು, ಇನ್ನೂರು ಫೋಟೊ ಹಿಡಿದು ಮೆಲ್ಬರ್ನ್‌ಗೆ ಬಂದಿದ್ದಾನೆ, ಮೇಷ್ಟ್ರಿಗೇ ಪಾಠ ಹೇಳಲು!

"ಇದು ರಾಜರ ಬಾತ್‌ಹೌಸ್. ಈ ಕಮಾನು ನೋಡು, ಏನ್ ಕೆತ್ತನೆ!"

ವೇದಾ ಕಮಾನು ನೋಡಲಿಲ್ಲ. ಎದ್ದು ಟೀವಿಯ ಹತ್ತಿರ ಹೋದಳು. ಬಾಗಿಲ ಪಕ್ಕದಲ್ಲಿ ಜರ್ಮನ್ ಬರಹದ ಸಣ್ಣ ಬಿಳಿಯ ಬೋರ್ಡಿತ್ತು.

"'ಡಯಾಲಿಸಿಸ್ ಕೇಂದ್ರ. ಪ್ರವಾಸಿಗಳಿಗೂ ಸೌಲಭ್ಯ ಉಂಟು.' ಹಾಗಂತ ಬರೆದಿದೆ ವೆಂಕಟ. ಪಕ್ಕದಲ್ಲೇ ನಿಂತು ಪೋಸ್ ಕೊಟ್ಟಿದೀಯ."

"ನಾನು ಈಮೇಲ್ ಮಾಡಿದ್ದೆ. ಅವರು ರಿಪ್ಲೈ ಮಾಡ್ಲಿಲ್ಲ."

"ಎಲ್ಲಿ, ತೋರ್ಸು."

ಅವನು ರಿಮೋಟ್ ಒತ್ತಿ ಮುಂದಿನ ಫೋಟೊಗೆ ಹೋದ.

"ಇವರು ಕೇಳ್ಲೇ ಇಲ್ಲ ಅತ್ತಿಗೆ," ಎಂದಳು ಅವನ ಹೆಂಡತಿ ವಾಸಂತಿ. "ನಿಮ್ಮನ್ನ ಕರ್ಕೊಂಡು ಹೋದ್ರೆ ಟ್ರಿಪ್ಪೆಲ್ಲ ಆಸ್ಪತ್ರೇಲೇ ಕಳ್ಯುತ್ತೆ ಅಂದ್ರು."

"ನೀನು ಸುಮ್ನಿರ್ತೀಯಾ?" ಎಂದು ಗದರಿದವನು ಬ್ಯಾಗಿನಿಂದ ಒಂದು ಬಾಟಲು ತೆಗೆದ. "ನಿನ್ನ ಮರ್ತಿರ್ಲಿಲ್ಲ ಕಣಕ್ಕ. ಅದೇ ಬುಗ್ಗೆ ನೀರು, ನಿನಗೋಸ್ಕರ ಅಂತ್ಲೇ ತಂದೆ. ತೀರ್ಥ ಅಂದ್ಕೊಂಡು ಒಂದು ಉದ್ಧರಣೆ ತಗೋ."

ದೇವರ ಗೂಡಿನಿಂದ ಅವಳದೇ ಉದ್ಧರಣೆ ತಂದು, ತುಂಬಿ, ಮುಂದೆ ಹಿಡಿದ. ಅವರ ಮನೆತನದಲ್ಲಿ ತೀರ್ಥ ಬೇಡವೆಂದವರಿಲ್ಲ. ಜ್ವರದಲ್ಲಿ ಮಲಗಿದ ಮಕ್ಕಳನ್ನೂ ಎಬ್ಬಿಸಿ ಅಮ್ಮ ಅಂಗೈ ಚಾಚಿಸುತ್ತಿದ್ದಳು. ಡಯಾಲಿಸಿಸ್ ಶುರುವಾಗಿ ನೀರಿನ ಗುಟುಕು ಗುಟುಕಿಗೂ ಮಿತಿ ಬಿದ್ದ ಮೇಲೂ ವೇದಾ ಆ ಒಂದು ಚಮಚ ಬಿಟ್ಟವಳಲ್ಲ.

ಅವಳು ಕೈ ಚಾಚಲಿಲ್ಲ.

"ಇವತ್ತಿನ ನನ್ನ ನೀರು ಮುಗೀತು," ಎಂದಳು.

ಡಾಕ್ಟರು ಹೇಳಿದ ಅಳತೆಗೆ, ಇಡೀ ದಿನಕ್ಕೆಂದು ಅವಳು ಬೆಳಿಗ್ಗೆ ತುಂಬಿಟ್ಟುಕೊಂಡಿದ್ದ ಬಾಟಲು ಮೂವರ ನಡುವೆ ಮೇಜಿನ ಮೇಲೆ ನಿಂತಿತ್ತು. ಅದರಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರಿತ್ತು.