ನಿಲ್ಲಿಸದ ಗಿರಣಿ

ಹಿಟ್ಟಿನ ಗಿರಣಿ ಹಾಕಲು ಸಾಲ ಕೊಡುವ ಮೊದಲು ಮಹಿಳಾ ಸಂಘದವರು ನನ್ನ ಸೊಸೆಯನ್ನು ಕೇಳದ ಪ್ರಶ್ನೆಯಿಲ್ಲ. ಕರೆಂಟು ಎಷ್ಟು ಹೊತ್ತು ಇರುತ್ತದೆ, ಮುಂದಿನ ಕೋಣೆ ಎಷ್ಟು ಅಡಿ, ಬೀದಿಯಲ್ಲಿ ಬೇರೆ ಹಿಟ್ಟಿನ ಗಿರಣಿ ಇದೆಯೇ, ಹೀಗೆ. ಗಿರಣಿಯ ಸದ್ದು ತಡೆಯಲಾರದವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮಾತ್ರ ಕೇಳಲಿಲ್ಲ. ನಮಗೂ ಹೊಳೆಯಲಿಲ್ಲ ಅನ್ನಿ. ಅವರನ್ನು ಬೈದು ಏನು ಪ್ರಯೋಜನ?

ಮೊದಲ ದಿನ ಸೊಸೆ ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್ ಎಂದು ಶುರುವಾಗಿ, ಏರುತ್ತಾ ಏರುತ್ತಾ ಗೋಡೆ ಅದುರಿಸತೊಡಗಿತು. ನನ್ನ ಮಗ ಕೈಯಲ್ಲಿದ್ದ ಲೋಟ ಬಿಟ್ಟು ಮಂಚದ ಕೆಳಗೆ ನುಗ್ಗಿದ. ಯುದ್ಧದಲ್ಲಿ ಇಂಥದೇ ಸದ್ದು ಮಾಡುತ್ತಾ ವಿಮಾನಗಳು ಬಂದು ಬಾಂಬು ಹಾಕಿ ನಮ್ಮ ಹಳೆಯ ಮನೆ ಕುಸಿದಾಗ ಎರಡು ದಿನ ಅದರಡಿ ಸಿಕ್ಕಿಬಿದ್ದಿದ್ದವನು ಅವನು. ಮೂವತ್ತೆರಡು ವರ್ಷದ ಗಂಡಸು ಕಿವಿ ಮುಚ್ಚಿಕೊಂಡು ನಡುಗುವುದನ್ನು ಹೆತ್ತವಳು ಹೇಗೆ ನೋಡಲಿ? "ಆರಿಸೇ" ಎಂದು ಕೂಗಿದೆ. ಆರಿಸಿದಳು.

ಅಂದಿನಿಂದ ಅದೇ ಕಥೆ. ಅವಳು ಹಾಕುವುದು, ನಾನು ಆರಿಸುವುದು. ಗಿರಾಕಿಗಳು ಅರ್ಧ ಬೀಸಿದ ಗೋಧಿ ಹೊತ್ತುಕೊಂಡು ಗೊಣಗುತ್ತಾ ಹೋಗುತ್ತಿದ್ದರು. ಆ ಹೊತ್ತಿಗೆ ಮಗನನ್ನು ಹೊರಗೆ ಕಳಿಸೋಣವೆಂದರೆ ಅವನಿಗೆ ಬೀದಿಗೆ ಇಳಿಯಲೂ ಭಯ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು ನಮ್ಮ ಪಾಡು.

"ಅತ್ತೆ, ಹೀಗಾದ್ರೆ ಸಂಘದವರು ಮಿಷನ್ ವಾಪಸ್ ತಗೊಂಡು ಹೋಗ್ತಾರೆ. ಆಮೇಲೆ ಮಕ್ಕಳ ಹೊಟ್ಟೆಗೆ ಏನು ಹಾಕೋಣ?"

"ನಿನಗೆ ಗಂಡ ಬೇಡ, ಗಿರಣಿ ಬೇಕು" ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನನ್ನದು. ಅವಳು ತಿರುಗಿ ಮಾತಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಪೊರಕೆ ತಂದು ನೆಲದ ಹಿಟ್ಟು ಗುಡಿಸಿದಳು.

ಸಂಘದ ಮೇಡಂ ಬರುತ್ತೇನೆಂದು ಹೇಳಿಕಳಿಸಿದರು. ಗಿರಣಿ ಓಡುವುದನ್ನು ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಅದು ಬೇರೆ ಮನೆಗೆ. ಆ ಬೆಳಿಗ್ಗೆ ಮಗನೇ ಅಂದ, "ಇವತ್ತು ಓಡಿಸಿ ಅಮ್ಮ. ನಾನು ತಡ್ಕೋತೀನಿ." ಮಂಚದ ಕೆಳಗೆ ತಾನೇ ಚಾಪೆ ಹಾಸಿಕೊಂಡ.

ಮೇಡಂ ಬಂದರು. ಗಿರಣಿ ಓಡುತ್ತಿತ್ತು, ಬಾಗಿಲಲ್ಲಿ ನಾಲ್ಕು ಜನ ಗಿರಾಕಿಗಳು. ಮೇಡಂ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು, ಫೋಟೋ ತೆಗೆದರು.

"ನಿಮ್ಮ ಮಗ ಕಾಣ್ತಿಲ್ವಲ್ಲ ಅಜ್ಜಿ?"

"ಪೇಟೆಗೆ ಹೋಗಿದಾನೆ" ಅಂದೆ. ಸುಳ್ಳು ಸಲೀಸಾಗಿ ಬಂತು.

"ಅಂತೂ ಸ್ವಂತ ಕಾಲ ಮೇಲೆ ನಿಂತ್ರಿ. ಸಂತೋಷ" ಎಂದು ಮೋಟಾರಿನ ಸದ್ದಿನಲ್ಲೂ ಕೇಳುವಂತೆ ಜೋರಾಗಿ ಹೇಳಿ ಹೊರಟರು.

ಅವರ ಕಾರು ಬೀದಿ ತಿರುಗಿತು. ಸೊಸೆಯ ಕೈ ಸ್ವಿಚ್ಚಿನ ಕಡೆ ಹೋಯಿತು. ಒಳಗಿನಿಂದ ಮಗನ ದನಿ ಬರುತ್ತಿತ್ತು, "ಆರಿಸಮ್ಮ, ಸಾಕಮ್ಮ." ಬಾಗಿಲಲ್ಲಿ ಇನ್ನೂ ಮೂರು ಚೀಲ ಗೋಧಿ ಕಾಯುತ್ತಿತ್ತು. ಅಷ್ಟು ಗಿರಾಕಿ ಒಟ್ಟಿಗೆ ಬಂದದ್ದು ಅದೇ ಮೊದಲು. ಇವತ್ತು ತಿರುಗಿ ಹೋದರೆ ಮತ್ತೆ ಬರುವವರಲ್ಲ.

"ಬಿಡು, ಇರಲಿ. ಮುಂದಿನ ಚೀಲ ಸುರಿ" ಅಂದೆ.

ಸೊಸೆ ನನ್ನ ಮುಖವನ್ನೇ ನೋಡಿದಳು.

"ಅತ್ತೆ, ಒಳಗೆ ಅವರು ಕರೀತಿದಾರೆ."

"ನನಗೂ ಕೇಳಿಸ್ತಿದೆ ಕಣೇ" ಎಂದು ಎದ್ದು ಹೋಗಿ ನಡುಬಾಗಿಲು ಹಾಕಿದೆ.