ಜುಂಜಪ್ಪನ ಪಾಲಿನ ಹುಲ್ಲು

ಮೂರು ಹಿಡಿ ಮಣ್ಣು ಹಾಕಿ ನಾಗರಾಜಪ್ಪ ಗುಂಡಿಯಿಂದ ಹಿಂದೆ ಸರಿಯುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತ್ತು. ನೆರೆದವರಲ್ಲಿ ಒಬ್ಬಿಬ್ಬರು ತಲೆಯೆತ್ತಿ ನೋಡಿದರು. ಕೊಯ್ಲು ಯಂತ್ರ ಬಿಟ್ಟುಹೋದ ನಾಲ್ಕೆಕರೆ ಭತ್ತದ ಹುಲ್ಲು ಗದ್ದೆಯಲ್ಲೇ ಹರಡಿತ್ತು. ಗದ್ದೆ ನಾಗರಾಜಪ್ಪನದು. ಹುಲ್ಲು ಒಣಗಿಸಿ ಬಣವೆ ಒಟ್ಟಬೇಕಾಗಿದ್ದ ಜುಂಜಪ್ಪ ಈಗ ಮಣ್ಣಿನೊಳಗಿದ್ದ. ನಿನ್ನೆ ಸಂಜೆ ಅದೇ ಹುಲ್ಲನ್ನು ತಿರುವಿಹಾಕಿ ಬಂದವನು ನೀರು ಕುಡಿಯಲೆಂದು ಕಟ್ಟೆಯ ಮೇಲೆ ಕೂತು ಹಾಗೇ ಒರಗಿದ್ದ.

ಕಾಲುವೆಯಲ್ಲಿ ಮಿಂದು, ಸತ್ತವನ ಮನೆಯ ದೀಪ ನೋಡಿ ಹೋಗಲು ಎಲ್ಲರೂ ನಡೆದರು. ಈ ಗೋವಿನಕೋವಿ ಊರಲ್ಲಿ ಜುಂಜಪ್ಪ ಒಟ್ಟಿದ ಬಣವೆಯೊಳಗೆ ಎಂದೂ ಒಂದು ಹನಿ ಮಳೆನೀರೂ ಇಳಿದಿಲ್ಲವೆಂದು ಯಾರೋ ನೆನೆದರು. ಸಾವಿನ ಮನೆಯಲ್ಲಿ ಹುಲ್ಲಿನ ಮಾತೆತ್ತುವುದು ಹೇಗೆಂದು ನಾಗರಾಜಪ್ಪ ದಾರಿಯುದ್ದಕ್ಕೂ ಯೋಚಿಸಿ, ಎತ್ತಬಾರದೆಂದೇ ನಿರ್ಧರಿಸಿದ.

*

ಮೂವತ್ನಾಲ್ಕು ವರ್ಷದ ಹಿಂದೆ ಜುಂಜಪ್ಪ ಜಗಳೂರು ಕಡೆಯಿಂದ ಹೆಂಡತಿ ಅಜ್ಜಮ್ಮನ ಜೊತೆ ಒಂದು ಎಮ್ಮೆ ಹೊಡೆದುಕೊಂಡು ಬಂದಿದ್ದ. ಗದ್ದೆಯ ಬದುವಿನ ಮೇಲೆ ಕೂತು ಅವನೂ ಗೌಡ ನಾಗರಾಜಪ್ಪನೂ ಕರಾರು ಮಾಡಿಕೊಂಡರು. ಹುಲ್ಲು ಗೌಡರದು, ಮೈಗೆಲಸ ಜುಂಜಪ್ಪನದು, ಗಾಡಿ ಬಾಡಿಗೆ, ಆಳಿನ ಊಟ ಇಬ್ಬರಿಗೂ ಸಮ, ಬಂದದ್ದರಲ್ಲಿ ಅರ್ಧರ್ಧ. ಒಂದು ಬಣವೆ ಗೌಡರ ಕಣದಲ್ಲಿ, ಇನ್ನೊಂದು ಜುಂಜಪ್ಪನ ಹಿತ್ತಲಲ್ಲಿ. ನಾಗರಾಜಪ್ಪ ಎದ್ದಾಗ ಜುಂಜಪ್ಪ ತಡೆದ.

“ಇನ್ನೊಂದೈತೆ ಗೌಡ್ರೆ. ಮಳೆಗೆ ಸಿಕ್ಕು ಕೊಳೆತ್ರೆ ಅದ್ರಾಗೂ ಅರ್ಧ.”

ನಾಗರಾಜಪ್ಪ ನಕ್ಕು ತಲೆಯಾಡಿಸಿದ್ದ.

ಆಮೇಲಿನ ಸುಗ್ಗಿಗಳೆಲ್ಲ ಒಂದೇ ಥರ. ಜುಂಜಪ್ಪ ಒಂದು ಹಿಡಿ ಹುಲ್ಲನ್ನು ಕಿವಿಯ ಹತ್ತಿರ ಹಿಡಿದು ಹೊಸಕಿ, ಸದ್ದು ಕೇಳಿಯೇ ಒಣಗಿತೋ ಇಲ್ಲವೋ ಹೇಳುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿಯ ರೊಟ್ಟಿ ತಿನ್ನುತ್ತಿದ್ದರು.

ಕರಾರು ಮುರಿದವನು ಜುಂಜಪ್ಪನೇ. ಒಂದು ಬೇಸಿಗೆಯಲ್ಲಿ ಎರಡು ದಿನ ಮಳೆ ಹಿಡಿದು ಅರ್ಧ ಹುಲ್ಲು ಕಪ್ಪಾಯಿತು. ಆಗ ನಾಗರಾಜಪ್ಪ ಮದುವೆಗೆಂದು ಹೊನ್ನಾಳಿಗೆ ಹೋಗಿದ್ದ. ಬಂದು ನೋಡಿದರೆ ಕಣದಲ್ಲಿ ಬಂಗಾರದ ಬಣ್ಣದ ಬಣವೆ. ಜುಂಜಪ್ಪನ ಹಿತ್ತಲಿನಿಂದ ಮುಗ್ಗಲು ವಾಸನೆ. ಆ ವರ್ಷ ಅಜ್ಜಮ್ಮ ಬದುವಿನಿಂದ ಬದುವಿಗೆ ಹಸಿಹುಲ್ಲು ಕೊಯ್ಯುತ್ತಾ ಎಮ್ಮೆ ಸಾಕಿದಳು. ನಾಗರಾಜಪ್ಪನಿಗೆ ಎಲ್ಲ ಗೊತ್ತಿತ್ತು. ಆದರೆ ಕೊಟ್ಟಿಗೆ ತುಂಬ ದನಗಳಿದ್ದವು, ಒಳ್ಳೆ ಹುಲ್ಲು ಬೇಕಿತ್ತು, ಕೇಳಲಿಲ್ಲ. ಮುಂದೆ ಕೇಳೋಣವೆಂದುಕೊಂಡ. ಮರುವರ್ಷ ಜುಂಜಪ್ಪ ಬಣವೆಯ ಮೇಲೆ ನಿಂತು ಹಾಡಿಕೊಳ್ಳುತ್ತಿದ್ದ, ನಾಗರಾಜಪ್ಪನಿಗೆ ಕೇಳಲು ಬಾಯಿ ಬರಲಿಲ್ಲ.

*

ಸಾವಿನ ಮನೆಯ ದೀಪಕ್ಕೆ ನಾಗರಾಜಪ್ಪ ಕೈಮುಗಿದು ತಿರುಗುವಾಗ ಅಜ್ಜಮ್ಮ ಒಳಗಿಂದ ಬಂದಳು. ಕಣ್ಣು ಬಾತಿತ್ತು, ದನಿ ಗಟ್ಟಿಯಾಗಿತ್ತು.

“ಹುಲ್ಲು ನೆನೀತೈತೆ ಗೌಡ್ರೆ. ನನ್ನ ಮುಖ ನೋಡ್ತಾ ನಿಲ್ಲಬ್ಯಾಡ್ರಿ.”

ಚನ್ನಗಿರಿಯಿಂದ ಬಂದಿದ್ದ ಅವಳ ಅಣ್ಣ ಗಿಡ್ಡಪ್ಪ, ಮಣ್ಣು ಮಾಡಿದ ದಿನವೇ ಕೆಲಸ ಮುಟ್ಟುವುದೇ ಎಂದು ಗೊಣಗಿದ. ಅವಳು ಗೋಡೆಗೊರಗಿಸಿದ್ದ ಗಂಡನ ಹುಲ್ಲೆತ್ತುವ ಕವೆಗೋಲನ್ನು ತಂದು ಅವನ ಕೈಗೇ ಕೊಟ್ಟಳು.

ಮಿಂದ ಒದ್ದೆ ಬಟ್ಟೆಯಲ್ಲೇ ಹದಿನೈದು ಮಂದಿ ಗದ್ದೆಗಿಳಿದರು. ಮಳೆ ಬೀಳುವ ಮುಂಚೆ ಟ್ರಾಕ್ಟರ್ ಮೂರು ಸಲ ಹೋಗಿಬರುವಷ್ಟೇ ಹೊತ್ತಿತ್ತು. ಅಂದರೆ ಒಂದೇ ಬಣವೆ. ಡ್ರೈವರ್ ರೂಢಿಯಂತೆ ಗೌಡರ ಕಣದ ಕಡೆ ತಿರುಗಿಸಿದ. ನಾಗರಾಜಪ್ಪ ಅಡ್ಡ ನಿಂತು ಜುಂಜಪ್ಪನ ಹಿತ್ತಲಿಗೆ ಹೊಡೆಯಲು ಹೇಳಿದ.

ಹಿತ್ತಲಲ್ಲಿ ಅಜ್ಜಮ್ಮ ತಡೆದಳು. “ಇದ್ರಾಗೆ ಅರ್ಧ ನಿಮ್ದು. ಅವ್ರಿದ್ದಿದ್ರೆ ಒಪ್ತಿರಲಿಲ್ಲ.”

“ಅವತ್ತು ಒಣಹುಲ್ಲೆಲ್ಲ ನನ್ನ ಕಣಕ್ಕೆ ಒಟ್ಟುವಾಗ ಅವನು ನನ್ನ ಕೇಳಿದ್ನೇನವ್ವಾ?” ಎಂದ ನಾಗರಾಜಪ್ಪ. “ಗದ್ದೇಲಿ ಉಳಿದು ನೆನೆಯೋದು ಈ ಸಲ ನನಗಿರ್ಲಿ.”

ಅಜ್ಜಮ್ಮ ಅವನನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಪಕ್ಕಕ್ಕೆ ಸರಿದಳು.

ನೀರಿಳಿಯದಂತೆ ಬಣವೆಯ ನೆತ್ತಿ ಕಟ್ಟುವ ಕೆಲಸ ಯಾರಿಗೂ ಬರುತ್ತಿರಲಿಲ್ಲ. ಅರವತ್ತೆಂಟರ ನಾಗರಾಜಪ್ಪ ತಾನೇ ಹತ್ತಿದ. ಕೆಳಗಿನಿಂದ ಕೊಟ್ಟದ್ದನ್ನು ತುಳಿದು ತುಳಿದು ಮೇಲೇರಿದ. ಎಡಕ್ಕೆ ವಾಲುತ್ತಿದೆಯೆಂದು ಗಿಡ್ಡಪ್ಪ ಹೇಳುತ್ತಲೇ ಇದ್ದ.

ಕೊನೆಯ ಹೊರೆ ಹೊದಿಸಿದಾಗ ಮೊದಲ ಹನಿ ಬಿತ್ತು. ಏಣಿ ತರಲು ಯಾರೋ ಓಡಿದರು. ನಾಗರಾಜಪ್ಪ ಉಸಿರು ಬಿಡುತ್ತಾ ನೆತ್ತಿಯ ಮೇಲೇ ಕೂತ. ಇಷ್ಟು ವರ್ಷ ಕೆಳಗೇ ನಿಂತಿದ್ದವನಿಗೆ ಇಲ್ಲಿಂದ ಊರು ಕಂಡದ್ದು ಇದೇ ಮೊದಲು. ಅವನ ನಾಲ್ಕೆಕರೆ ಅಂಗೈಯಷ್ಟಾಗಿತ್ತು. ಈಚೆಗೆ ಅವನ ಮನೆ; ಅಂಗಳದಲ್ಲಿ ಅವನು ದಿನಾ ಕೂರುವ ಕುರ್ಚಿ, ಯಾರೂ ಇಲ್ಲದೆ, ಮಳೆಯಲ್ಲಿ ನೆನೆಯುತ್ತಿತ್ತು.