ಮುಚ್ಚಳದ ಮೇಲಿನ ಸೌಟು

ನ್ಯಾಮತಿ ಬಸ್ ನಿಲ್ದಾಣದಲ್ಲಿ ಇಳಿದ ಸುಂಕಲಮ್ಮನನ್ನು ಬೈಲಪ್ಪ ಕೂಗಿ ಕರೆದು ಚಹಾ ಕೊಟ್ಟ. ಚಹಾ ಕೊಟ್ಟದ್ದು ದೊಡ್ಡದಲ್ಲ, ಅದು ಅವನ ಕಸುಬು. ಕಾಗದದ ಲೋಟ ಬಿಟ್ಟು ಗಾಜಿನ ಲೋಟದಲ್ಲಿ ಕೊಟ್ಟನಲ್ಲ, ಅದೂ ಅಂಚಿನವರೆಗೆ, ಅದು ಅವಳಿಗೆ ಸರಿ ಕಾಣಲಿಲ್ಲ. ಹದಿನಾಲ್ಕು ವರ್ಷದಿಂದ ಅವಳು ಶಾಲೆಯ ಅಡುಗೆ ಮುಗಿಸಿ ಇದೇ ಅಂಗಡಿಯ ಮುಂದೆ ಬಸ್ಸಿಳಿಯುತ್ತಾಳೆ. "ಇವತ್ತು ಸಾಂಬಾರ್‌ನಾಗೆ ಬೇಳೆ ಎಣಿಸಿ ಹಾಕ್ದೇನಕ್ಕಾ?" ಎಂದು ಅವನು ಕಾಲೆಳೆಯದ ದಿನ ಒಂದಿಲ್ಲ. ಇವತ್ತು ಸಾಂಬಾರಿನ ಸುದ್ದಿಯೇ ಇಲ್ಲ.

"ಕುಂದ್ರಕ್ಕಾ, ನಿಂತ್ಕಂಡು ಯಾಕೆ ಕುಡೀತಿ?"

"ನಿನಗೆ ಯಾರು ಹೇಳಿದ್ರು?"

"ಏನು ಹೇಳಿದ್ರು?"

"ಏನಿಲ್ಲ ಬಿಡು."

ದುಡ್ಡು ಕೊಡಲು ಹೋದರೆ ಅವನು ಕೈ ಮುಂದೆ ಮಾಡಲಿಲ್ಲ. ನಾಳೆ ಕೊಡುವಿಯಂತೆ ಎಂದ. ನಾಳೆ ತಾನು ಈ ಬಸ್ಸಿನಲ್ಲಿ ಬರುತ್ತೇನೆಂದು ಇವನಿಗೇನು ಖಾತ್ರಿ? ತನಗೇ ಇಲ್ಲ.

ಆಗಿದ್ದಿಷ್ಟು. ಸವಳಂಗದ ರಸ್ತೆಯ ಹಳ್ಳಿಯೊಂದರ ಶಾಲೆಯಲ್ಲಿ ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು. ಜೊತೆಗೆ ಸಹಾಯಕ್ಕೆ ಬೊಮ್ಮಕ್ಕ. ನೂರಿಪ್ಪತ್ತು ಮಕ್ಕಳು. ಇವತ್ತು ಮೇಲಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದು, ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ತುತ್ತು ಬಾಯಿಗಿಟ್ಟು ಹಾಗೇ ತಟ್ಟೆಗೆ ಉಗಿದರು. ಸಾಂಬಾರು ಉಪ್ಪೋ ಉಪ್ಪು. ಪಾತ್ರೆಯಷ್ಟನ್ನೂ ಗುಂಡಿಗೆ ಸುರಿದರು. ಮಕ್ಕಳು ಬರೀ ಅನ್ನಕ್ಕೆ ಹಾಲು ಕಲಸಿಕೊಂಡು ತಿಂದವು. ಅಡುಗೆಯನ್ನು ಮಕ್ಕಳಿಗಿಂತ ಮೊದಲು ಒಬ್ಬರು ಮೇಷ್ಟ್ರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಸಾಹೇಬರು ಪುಸ್ತಕ ತರಿಸಿದರೆ ಅಲ್ಲಿ ಮುಖ್ಯೋಪಾಧ್ಯಾಯ ರೇಣುಕಪ್ರಸಾದರ ಸಹಿ ಚೆಂದಾಗಿ ಕೂತಿತ್ತು: ರುಚಿ ಸರಿಯಿದೆ.

ಸರಿಯಿದೆ ಎಂದು ಬರೆಯಲು ನಾಲಿಗೆ ಬೇಕಾಗಿರಲಿಲ್ಲ. ಶ್ರಾವಣ ಸೋಮವಾರ. ಮೇಷ್ಟ್ರು ಒಪ್ಪತ್ತು, ಸುಂಕಲಮ್ಮ ಒಪ್ಪತ್ತು, ಬೊಮ್ಮಕ್ಕನೂ ಒಪ್ಪತ್ತು. ದೀಪ ಹಚ್ಚುವ ತನಕ ಮೂವರೂ ಒಂದಗುಳು ಮುಟ್ಟುವವರಲ್ಲ.

"ನಾಳೆ ಹತ್ತು ಗಂಟೆಗೆ ಯಾರ ತಪ್ಪು ಅಂತ ಬರೆದು ಕಳಿಸಿ. ಅವರು ಇನ್ನು ಅಡುಗೆಮನೆ ಹತ್ತಿರ ಬರಕೂಡದು," ಎಂದು ಸಾಹೇಬರು ಜೀಪು ಹತ್ತಿದರು. ಅದಾದ ಮೇಲೆ ಬೊಮ್ಮಕ್ಕ ತಲೆನೋವೆಂದು ಆಟೋ ಹಿಡಿದು ಮುಂಚೆಯೇ ಹೊರಟುಹೋದಳು. ಪಾತ್ರೆ ತಿಕ್ಕಿದವಳು ಸುಂಕಲಮ್ಮ ಒಬ್ಬಳೇ. ತಿಕ್ಕುತ್ತ ತಿಕ್ಕುತ್ತ ಅವಳ ತಲೆಯಲ್ಲಿ ಒಂದೇ ಮಾತು: ಐದು ಹಿಡಿ ಉಪ್ಪು ನಾನು ಹಾಕಿದೆ. ಅದರ ಮೇಲೆ ಮತ್ತೆ ಯಾರು ಹಾಕಿದ್ದು? ಅಡುಗೆಮನೆಯಲ್ಲಿ ಇದ್ದದ್ದೇ ಇಬ್ಬರು. ಹೋದ ತಿಂಗಳು ಬೊಮ್ಮಕ್ಕ, "ಮುಖ್ಯ ಅಡುಗೆಯೋರಾಗಾಕೆ ಎಷ್ಟನೇ ಕ್ಲಾಸ್ ಓದಿರ್ಬೇಕಕ್ಕಾ?" ಎಂದು ಕೇಳಿದ್ದು ಯಾಕೆ? ತಲೆನೋವು ಇವತ್ತೇ ಬರಬೇಕಿತ್ತೆ?

ಚಹಾ ಅಂಗಡಿಯಿಂದ ಮುಂದೆ ಬಂದು ಒಂದು ಮೊಳ ಹೂವು ಕೇಳಿದರೆ ಹೂವಿನ ಲಕ್ಷ್ಮಕ್ಕ ಒಂದೂವರೆ ಅಳೆದಳು. ಅವಳ ಮೊಳವೆಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಮಾತ್ರ ಎಂದು ಊರಿಗೆಲ್ಲ ಗೊತ್ತು.

"ಯಾಕೆ ಜಾಸ್ತಿ?"

"ಸೋಮವಾರ ಅಲ್ವೇನವ್ವಾ. ಮುಡ್ಕಂಡು ಮನೀಗೋಗು, ಕಾಲು ತೊಳ್ಕ, ಬಿಸೀದು ಏನಾರ ಉಣ್ಣು."

ಹೋದ ಸೋಮವಾರವೂ ಸೋಮವಾರವೇ ಆಗಿತ್ತು. ಸುಂಕಲಮ್ಮ ಹೂವನ್ನು ಮೂಸಿ ನೋಡಿದಳು. ತಾಜಾ ಮಲ್ಲಿಗೆ. ಅದೇ ಇನ್ನಷ್ಟು ಅನುಮಾನ ತಂದಿತು. ಆದರೂ ಮುಡಿದ ಮೇಲೆ ತಂಪಾದದ್ದು ಸುಳ್ಳಲ್ಲ.

ಮನೆಗೆ ಬಂದರೆ ಗಿರಣಿಯ ಬಾಗಿಲು ಅರ್ಧ ಎಳೆದಿತ್ತು. ಗಂಡ ಓಂಕಾರಪ್ಪ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಕರೆಂಟು ಹೋಗದೆ ಗಿರಣಿ ನಿಲ್ಲಿಸುವವನಲ್ಲ. ಕರೆಂಟಿತ್ತು. ಒಳಗೆ ಒಲೆಯ ಮುಂದೆ, ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು ಕೂತ ಆ ಮನುಷ್ಯ ಸಾರು ಕುದಿಸುತ್ತಿದ್ದ.

"ಇದೇನ್ರೀ?"

"ಸಾರು."

"ಅದು ಕಾಣ್ತೈತೆ. ಯಾಕೆ ಅಂತ."

"ಉಪವಾಸ ಇದೀಯಲ್ಲ, ದೀಪ ಹಚ್ಚಿ ಉಣ್ಣಾಕೆ." ಒಂದು ಬಟ್ಟಲು ಉಪ್ಪನ್ನು ಅವಳ ಕಡೆಗೆ ಮೆಲ್ಲಗೆ ಸರಿಸಿದ. "ಇದನ್ನ ಮಾತ್ರ ನಾನು ಹಾಕಿಲ್ಲ. ನೀನೇ ನೋಡ್ಕಂಡು ಹಾಕು."

ಸುಂಕಲಮ್ಮ ಬಟ್ಟಲು ನೋಡಿದಳು, ಗಂಡನ ಮುಖ ನೋಡಿದಳು. "ನಿಮಗೂ ಗೊತ್ತಾತು ಹಂಗಾದ್ರೆ."

"ನನಗೇನು ಗೊತ್ತು? ಹಿಟ್ಟು ಬೀಸೋನು."

"ಊರೆಲ್ಲ ನನ್ನ ಸಾವಿಗೆ ಬಂದೋರಂಗೆ ಮಾತಾಡ್ಸಾಕತ್ತೈತೆ. ಯಾರು ಹಬ್ಸಿದ್ದು ಇದನ್ನ?"

ಓಂಕಾರಪ್ಪ ಸಾರಿನಲ್ಲಿ ಸೌಟು ಆಡಿಸಿದ. ಅಷ್ಟರಲ್ಲಿ ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದಾಯಿತು. ಬೊಮ್ಮಕ್ಕ. ತಲೆಗೆ ಬಟ್ಟೆ ಕಟ್ಟಿದ್ದಳು, ನೋವು ನಿಜವೋ ವೇಷವೋ.

"ಬಾರವ್ವಾ ಮುಖ್ಯ ಅಡುಗೆಯೋಳೇ," ಎಂದಳು ಸುಂಕಲಮ್ಮ. "ಎಷ್ಟು ಹಿಡಿ ಹಾಕ್ದೆ?"

"ಐದು," ಎಂದಳು ಬೊಮ್ಮಕ್ಕ, ನೆಲದ ಮೇಲೆ ಕೂರುತ್ತ. "ನೀನು ಹಾಕಿಲ್ಲ ಅಂದ್ಕಂಡೆ."

"ಹಾಕಿದ್ನಲ್ಲೇ! ಸೌಟು ಇಟ್ಟಿದ್ದೆ."

ಇದು ಅವರಿಬ್ಬರ ನಡುವಿನ ಕಟ್ಟಳೆ. ಉಪ್ಪು ಹಾಕಿದವಳು ಪಾತ್ರೆಯ ಮುಚ್ಚಳದ ಮೇಲೆ ಸೌಟನ್ನು ಅಡ್ಡ ಇಡಬೇಕು. ಸೌಟಿದ್ದರೆ ಉಪ್ಪು ಬಿದ್ದಿದೆ, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

"ನನ್ನ ಮಕ್ಕಳಾಣೆ, ಮುಚ್ಚಳದ ಮೇಲೆ ಸೌಟು ಇರ್ಲಿಲ್ಲಕ್ಕಾ. ಮೂರೂ ಸೌಟು ಗೋಡೆ ಮೇಲೆ ಮೊಳೇಗೆ ಸಾಲಾಗಿ ನೇತಾಡ್ತಿದ್ವು. ಮದುವೆ ಮನ್ಯಾಗೆ ಫೋಟೋಕ್ಕೆ ನಿಂತಂಗೆ."

ಸುಂಕಲಮ್ಮ ಗಕ್ಕನೆ ತಿರುಗಿದಳು. ತಾವು ಅಕ್ಕಿ ತೊಳೆಯಲು ಹೊರಗೆ ಹೋದಾಗ ಒಳಗೆ ಬಂದು, ಸಾಹೇಬರು ಬರುತ್ತಾರೆ ಎಲ್ಲ ಒಪ್ಪವಾಗಿರಲಿ ಎಂದು ಗಡಿಬಿಡಿ ಮಾಡಿದವರು ಒಬ್ಬರೇ.

"ಮೇಷ್ಟ್ರು," ಎಂದಳು.

"ಮೇಷ್ಟ್ರು," ಎಂದಳು ಬೊಮ್ಮಕ್ಕ. "ಆಟೋದಾಗೆ ಬರ್ತಾ ಹೊಳೀತು. ಇಳಿದೋಳೇ ಬೈಲಪ್ಪಗೆ, ಲಕ್ಷ್ಮಕ್ಕಗೆ, ನಿನ್ನ ಯಜಮಾನ್ರಿಗೆ ಹೇಳ್ದೆ, ಇವತ್ತೊಂದಿನ ಅವಳನ್ನ ಕೆಣಕಬ್ಯಾಡ್ರಿ, ಉಪವಾಸದಾಗ ಅದಾಳೆ, ಅತ್ತುಬಿಟ್ಟಾಳು ಅಂತ."

"ನಾನ್ಯಾಕೆ ಅಳ್ಳಿ?" ಎಂದ ಸುಂಕಲಮ್ಮನ ದನಿ ಅಲ್ಲೇ ಒಡೆಯಿತು. ಸೆರಗಿನಿಂದ ಮೂಗೊರೆಸಿಕೊಂಡು ದೀಪ ಹಚ್ಚಿದಳು.

ಉಣ್ಣಲು ಕೂರುವಷ್ಟರಲ್ಲಿ ಬೈಕಿನ ಸದ್ದು. ಮೇಷ್ಟ್ರು ರೇಣುಕಪ್ರಸಾದ್ ಎರಡು ಚಿಪ್ಪು ಬಾಳೆಹಣ್ಣು ಹಿಡಿದು ಒಳಗೆ ಬಂದರು. ಇನ್ನೊಂದು ಪ್ರೀತಿ! ಆದರೆ ಈ ಸಲ ಸುಂಕಲಮ್ಮನ ಕಣ್ಣು ಹಣ್ಣಿನ ಮೇಲೆ ನಿಲ್ಲಲಿಲ್ಲ, ಅಂಗಿಯ ಜೇಬಿನಲ್ಲಿ ಮಡಚಿಟ್ಟ ಕಾಗದದ ಮೇಲೆ ನಿಂತಿತು.

"ಉಪವಾಸ ಬಿಟ್ರೇನಮ್ಮಾ? ಹಣ್ಣು ತಗೊಳ್ರಿ."

"ಕಾಗದ ಮೊದ್ಲು ತೆಗೀರಿ ಮೇಷ್ಟ್ರೇ."

ಅವರು ಪೆಚ್ಚಾಗಿ ತೆಗೆದರು. ಓಂಕಾರಪ್ಪ ಇಸಿದುಕೊಂಡು ಬೆಳಕಿಗೆ ಹಿಡಿದು ಓದಿದ: ಮುಖ್ಯ ಅಡುಗೆಯವರಾದ ಸುಂಕಲಮ್ಮನವರ ಅಜಾಗರೂಕತೆಯಿಂದ...

"ಬರೀ ನೆಪಕ್ಕಮ್ಮಾ," ಎಂದರು ಮೇಷ್ಟ್ರು. "ಹದಿನೈದು ದಿನ ಮನ್ಯಾಗಿರ್ರಿ, ಎಲ್ಲ ತಣ್ಣಗಾದ ಮ್ಯಾಲೆ ನಾನೇ ಕರ್ಕಂತೀನಿ. ಇಲ್ಲೊಂದು ಸಹಿ."

"ಮುಚ್ಚಳದ ಮೇಲಿನ ಸೌಟು ತೆಗೆದೋರು ಯಾರು?"

"ಸೌಟಾ? ನಾನೇ ತೆಗೆದು ಮೊಳೇಗೆ ಹಾಕ್ದೆ. ಅಡ್ಡಾದಿಡ್ಡಿ ಬಿದ್ದಿತ್ತು." ಆ ಪ್ರಶ್ನೆ ಯಾಕೆ ಬಂತೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಬೊಮ್ಮಕ್ಕ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಮೇಷ್ಟ್ರ ಕೈ ಬಾಳೆಹಣ್ಣಿನ ಚಿಪ್ಪನ್ನು ತಾನಾಗಿ ಕೆಳಗಿಟ್ಟಿತು.

"ರುಚಿ ನೋಡಿದ್ರಾ ಮೇಷ್ಟ್ರೇ?" ಎಂದು ಕೇಳಿದಳು ಸುಂಕಲಮ್ಮ, ಮೆಲ್ಲಗೆ.

"ಶ್ರಾವಣ ಸೋಮವಾರ..."

"ನಮಗೂ ಅದೇ ಸೋಮವಾರ. ಮೂವರೂ ಒಪ್ಪತ್ತಿದ್ವಿ, ಮೂವರೂ ನಾಲಿಗೆಗೆ ಹಚ್ಲಿಲ್ಲ ಅಂತ ಬರೀರಿ. ಸೌಟಿಂದೂ ಬರೀರಿ, ಸಹಿದೂ ಬರೀರಿ."

"ನನ್ನ ಹೆಸರು ಬರೆದ್ರೆ ನನ್ನ ಗತಿ?"

"ಮೂವರನ್ನೂ ತೆಗೆದ್ರೆ ಬೆಳಿಗ್ಗೆ ಶಾಲೆ ಬೀಗ ತೆಗೆಯೋರು ಯಾರು?" ಎಂದಳು ಬೊಮ್ಮಕ್ಕ. "ಒಬ್ಬಳ ಹೆಸರಾದ್ರೆ ತೆಗೀತಾರೆ. ಮೂವರದಾದ್ರೆ ಬೈದು ಬಿಡ್ತಾರೆ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಗಿರಣಿಯ ತಕ್ಕಡಿಯ ಪಕ್ಕ ಕಾಗದ ಹರಡಿ ಹೊಸದಾಗಿ ಬರೆಯತೊಡಗಿದರು. ಒಂದು ಕಡೆ ಪೆನ್ನು ನಿಂತಿತು, ಮತ್ತೆ ಓಡಿತು. ಬರೆದು ಮುಗಿಸಿ ಅವಳ ಮುಂದೆ ಹಿಡಿದರು.

"ಓದ್ರಿ," ಎಂದಳು ಸುಂಕಲಮ್ಮ ಗಂಡನಿಗೆ.

ಓಂಕಾರಪ್ಪ ಓದಿದ. ಮೂರು ಹೆಸರೂ ಇದ್ದವು.

"ಇನ್ನೊಂದ್ಸಲ."

ಮತ್ತೆ ಓದಿದ. ಮೇಷ್ಟ್ರು ಪೆನ್ನನ್ನು ಅವಳ ಕಡೆ ನೀಡಿದರು. ಸುಂಕಲಮ್ಮ ತಗೊಳ್ಳಲಿಲ್ಲ.

"ಮೊದ್ಲು ನೀವು ಹಾಕ್ರಿ," ಎಂದಳು. "ನಿಮ್ಮ ಕೆಳಗೆ ನಾವು ಹಾಕ್ತೀವಿ."